ತಾಯಿಯ ಕುಲವೋ, ತಂದೆಯ ಕುಲವೋ?

ದಾಸ್ಯವು ತೀರಿತೆಂದು ಸರಕಾರಗಳು ಸಾರಿದ ಮೇಲೆ ದಾಸಿಯ ಮಗಳು ಏನಾದಳು? ಈ ಪ್ರಶ್ನೆಯನ್ನು ನಮ್ಮ ವಿದ್ಯಾವಂತ ಗೃಹಸ್ಥರು ಕೇಳಿದುದು ಬಹಳ ಕಡಮೆ. ಕಾಯಿದೆಯಾದ ಇಸವಿಯನ್ನೂ ಅದನ್ನು ಮಾಡಿದ ಮಹನೀಯರ ಹೆಸರುಗಳನ್ನೂ ಚರಿತ್ರೆಯ ಪುಸ್ತಕದಲ್ಲಿ ಓದಿ, ಒಂದು ಪುಣ್ಯಕಾರ್ಯವು ನೆರವೇರಿತೆಂದು ಸಂತೋಷಪಟ್ಟು, ಪುಟವನ್ನು ಮಗುಚಿಹಾಕುತ್ತೇವೆ. ಆ ಪುಟದ ಆಚೆಗೆ ಒಬ್ಬ ಹೆಂಗಸು ನಿಂತಿರುತ್ತಾಳೆ. ಅವಳ ಮೈಬಣ್ಣ ಒಂದು ಖಂಡದ್ದು, ಮಾತು ಇನ್ನೊಂದು ಖಂಡದ್ದು. ಹೆಸರು ಯಾರೋ ಇಟ್ಟದ್ದು. ತಾನು ಯಾರು, ಯಾತಕ್ಕಾಗಿ ಬದುಕಬೇಕು ಎಂಬುದನ್ನು ಅವಳು ಮೊದಲಿನಿಂದ ಕಂಡುಕೊಳ್ಳಬೇಕಾಗಿರುತ್ತದೆ. ಅವಳನ್ನು ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಾದ್ದಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡಂಚಿನಲ್ಲಿ, ಧಾರವಾಡದ ಕಲಘಟಗಿಯಲ್ಲಿ, ಬೆಳಗಾವಿಯ ಖಾನಾಪುರದಲ್ಲಿ ಅವಳು ಕನ್ನಡ, ಕೊಂಕಣಿ, ಮರಾಠಿಗಳನ್ನಾಡುತ್ತ ಸಂಸಾರ ನಡೆಸುತ್ತಿದ್ದಾಳೆ. ನಾವು ಅವಳನ್ನು ಸಿದ್ದಿಯೆಂದು ಕರೆಯುತ್ತೇವೆ.

"ಹೊನ್ನಾಳಿ, ಚನ್ನಗಿರಿ, ಜಗಳೂರುಗಳ ನಮಗೆ ಯಲ್ಲಾಪುರದ ಕಾಡಿನ ಚಿಂತೆ ಏತಕ್ಕೆ?" ಎಂದು ಕೇಳುವ ವಾಚಕರಿರಬಹುದು. ಸೂರಗೊಂಡನಕೊಪ್ಪವು ನಮ್ಮ ನೆರೆಯಲ್ಲಿರುವುದರಿಂದಲೇ ಈ ಚಿಂತೆಯು ನಮಗೆ ವಿಶೇಷವಾಗಿ ಸಲ್ಲತಕ್ಕುದು. ಅದು ಹೇಗೆಂಬುದನ್ನು ಮುಂದೆ ಹೇಳುವೆವು.

ಮೊದಲು ಸಂಗತಿಗಳನ್ನು ನೋಡೋಣ. ಹಬಶಿಗಳೆಂದೂ ಸಿದ್ದಿಗಳೆಂದೂ ಕರೆಯಲ್ಪಟ್ಟ ಆಫ್ರಿಕದ ಜನರು ಅನೇಕ ಶತಮಾನಗಳಿಂದ ಈ ದೇಶಕ್ಕೆ ಬರುತ್ತಲಿದ್ದರು. ಅವರಲ್ಲಿ ಕೆಲವರು ಸೇನೆಗಳನ್ನು ನಡೆಯಿಸಿದರು. ಗುಲಾಮನಾಗಿ ಮಾರಲ್ಪಟ್ಟ ಮಲಿಕ್ ಅಂಬರನು ಅಹಮದನಗರದ ರಾಜ್ಯವನ್ನೇ ಆಳಿ, ಮೊಗಲರನ್ನು ತಡೆದು, 1626ರಲ್ಲಿ ಕಾಲವಾದನು. ಆದರೆ ನಮ್ಮ ಘಟ್ಟದ ಸಿದ್ದಿಗಳ ಪೂರ್ವಿಕರಿಗೆ ಇಂಥಾ ಭಾಗ್ಯವಿರಲಿಲ್ಲ. ಅವರಲ್ಲಿ ಬಹುಮಂದಿಯನ್ನು ಪೋರ್ಚುಗೀಸರು ಹಡಗುಗಳಲ್ಲಿ ತುಂಬಿ ಗೋವೆಗೆ ತಂದರು. ಅಲ್ಲಿ ಚಾಕರಿಯನ್ನು ತಾಳಲಾರದೆ ತಪ್ಪಿಸಿಕೊಂಡವರೂ ಆಮೇಲೆ ಬಿಡುಗಡೆ ಹೊಂದಿದವರೂ ಘಟ್ಟದ ಕಾಡನ್ನು ಸೇರಿದರು. ಗಡಿಯ ಈಚೆಗೆ 1843ರ ಐದನೆಯ ಕಾಯಿದೆಯು ಗುಲಾಮನ ಮೇಲಣ ಒಡೆತನವನ್ನು ನ್ಯಾಯಾಲಯಗಳು ಮಾನ್ಯಮಾಡಕೂಡದೆಂದು ವಿಧಿಸಿತು. 1860ರ ದಂಡಸಂಹಿತೆಯು ಮನುಷ್ಯರನ್ನು ಗುಲಾಮರೆಂದು ಕೊಳ್ಳುವುದನ್ನೂ ಮಾರುವುದನ್ನೂ ಅಪರಾಧವೆಂದಿತು. ಗಡಿಯ ಆಚೆಗೆ ಪೋರ್ಚುಗಲ್ ಸರಕಾರವು 1869ರಲ್ಲಿ ತನ್ನ ಎಲ್ಲ ಸೀಮೆಗಳಲ್ಲಿಯೂ ಗುಲಾಮಗಿರಿಯನ್ನು ರದ್ದುಪಡಿಸಿ, ಗುಲಾಮರಿಗೆ 'ಬಿಡುಗಡೆ ಹೊಂದಿದವರು' ಎಂಬರ್ಥದ ಹೊಸ ಹೆಸರನ್ನು ಕೊಟ್ಟಿತು. ಕೊಟ್ಟು, 1878ರ ವರೆಗೆ ಹಳೆಯ ಧಣಿಗಳಲ್ಲಿಯೇ ದುಡಿಯತಕ್ಕದ್ದೆಂದು ಕಟ್ಟುಮಾಡಿತು! ಆ ಅವಧಿಯನ್ನು ಬಳಿಕ ಮೊಟಕುಗೊಳಿಸಬೇಕಾಯಿತೆಂಬುದು ಬೇರೆ ಮಾತು.

ಬ್ರಿಟಿಷರು ತಮ್ಮ ಸಾಗರದಾಚೆಯ ತೋಟಗಳ ಗುಲಾಮರನ್ನು ಬಿಡಿಸಲು 1833ರಲ್ಲಿ ಕಾಯಿದೆ ಮಾಡಿದಾಗ ಎರಡು ಕೋಟಿ ಪೌಂಡುಗಳ ಪರಿಹಾರವನ್ನು ಹಂಚಿದರು. ಯಾರಿಗೆ? ಧಣಿಗಳಿಗೆ. ದುಡಿದವನಿಗೆ ಕವಡೆಯೂ ಸಲ್ಲಲಿಲ್ಲ. ನಮ್ಮ ಘಟ್ಟದಲ್ಲಿ ಆ ಕಾಗದದ ವಿಮೋಚನೆಯೂ ಒಂದು ಪಾಠವನ್ನು ಕಲಿಸಿತು: ಭೂಮಿಯಿಲ್ಲದವನ ಬಿಡುಗಡೆಯು ಧಣಿಯನ್ನು ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯ ಮಾತ್ರ. ಗೋವೆಯ ಮನೆಗಳಿಂದ ಬಿಟ್ಟುಬಂದವರ ಮಕ್ಕಳಲ್ಲಿ ಎಷ್ಟೋ ಮಂದಿ ಅಡಕೆಯ ತೋಟಗಳಲ್ಲಿ ಸಾಲಕ್ಕೆ ದುಡಿದರು. ಜೀತವನ್ನು ಕಾನೂನು ಮುರಿದದ್ದು 1976ರಲ್ಲಿ.

ಇನ್ನು ಹೆಂಗಸಿನ ಮಾತು. ಗುಲಾಮಗಿರಿಯಿದ್ದಲ್ಲೆಲ್ಲ ರಕ್ತವು ಬೆರೆತಿದೆ. ಹಾಗೆ ಬೆರೆತಾಗ ಹೆಂಗಸಿನ ಒಪ್ಪಿಗೆಯನ್ನು ಕೇಳಿದವರು ವಿರಳ. ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿದ್ವಾಂಸರೂ ಅವರ ಸಂಗಡಿಗರೂ 2011ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ ಸಿದ್ದಿಗಳ ರಕ್ತದಲ್ಲಿ ಆಫ್ರಿಕದ, ಭಾರತದ, ಪೋರ್ಚುಗಲ್ಲಿನ ಮೂರು ಎಳೆಗಳೂ ಇರುವುದೆಂದು ತೋರಿಸಿದ್ದಾರೆ. ಈ ಬೆರಕೆಯು ಹೆಚ್ಚಾಗಿ ಕಳೆದ ಇನ್ನೂರು ವರ್ಷಗಳಲ್ಲಿ, ಎಂಟು ತಲೆಮಾರುಗಳೊಳಗಾಗಿ ಆದುದೆಂದೂ ಅವರ ಲೆಕ್ಕ. ಈ ಮಾತು ಕೇಳಿದೊಡನೆ ನಮ್ಮಲ್ಲಿ ಕೆಲವರಿಗೆ 'ವರ್ಣಸಂಕರ' ಎಂಬ ಶಬ್ದವು ನಾಲಗೆಯ ತುದಿಗೆ ಬರುವುದು. ಸಂಕರವನ್ನುಂಟುಮಾಡಿದ ಗಂಡಸಿಗೆ ನಮ್ಮ ಭಾಷೆಯಲ್ಲಿ ಒಂದು ಬೈಗುಳವೂ ಇಲ್ಲ; ಅದರ ಫಲವನ್ನು ಹೊತ್ತು ಹೆತ್ತು ಸಾಕಿದವಳಿಗೂ ಅವಳ ಮಗುವಿಗೂ ನೂರೆಂಟು ಇವೆ.

ಒಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಅಮೆರಿಕದ ವರ್ಜೀನಿಯ ಪ್ರಾಂತದಲ್ಲಿ 1662ರಲ್ಲಿ ಒಂದು ಶಾಸನವಾಯಿತು: ಮಗುವು ಸ್ವತಂತ್ರವೋ ಗುಲಾಮವೋ ಎಂಬುದನ್ನು ತಾಯಿಯ ಸ್ಥಿತಿಯಿಂದಲೇ ಗೊತ್ತುಮಾಡತಕ್ಕದ್ದು. ಆಂಗ್ಲರ ನಾಡಿನಲ್ಲಿ ಮಗುವಿಗೆ ತಂದೆಯ ಕುಲವೇ ಪ್ರಮಾಣವಾಗಿರುತ್ತ, ಇಲ್ಲಿ ಮಾತ್ರ ತಾಯಿಯ ಕುಲವೇಕೆ? ತಂದೆಯು ಧಣಿಯಾಗಿದ್ದರೆ ಅವನ ಮಗುವೂ ಅವನ ಸೊತ್ತಾಗಬೇಕು, ಅದಕ್ಕೆ. ಇದನ್ನು ಓದಿ ಅಮೆರಿಕದವರನ್ನು ಹಳಿಯುವ ಮೊದಲು ನಮ್ಮ ಮಹಾಭಾರತವನ್ನು ತೆರೆಯೋಣ. ವ್ಯಾಸಮುನಿಗೆ ಹುಟ್ಟಿದ ಮೂವರಲ್ಲಿ ಧರ್ಮವನ್ನು ಬಲ್ಲವನು ವಿದುರ. ಕುರುಡನಾದ ಧೃತರಾಷ್ಟ್ರನಿಗೂ ರೋಗಿಯಾದ ಪಾಂಡುವಿಗೂ ಸಿಂಹಾಸನವು ದಕ್ಕಿತು, ವಿದುರನಿಗೆ ದಕ್ಕಲಿಲ್ಲ. ಅವನು ದಾಸಿಯ ಮಗನು. ಮೂವರಿಗೂ ತಂದೆ ಒಬ್ಬನೇ ಆಗಿದ್ದರೂ ಇಲ್ಲಿಯೂ ತಾಯಿಯ ಕುಲವೇ ಪ್ರಮಾಣವಾಯಿತು. ಅಂಬಿಕೆ, ಅಂಬಾಲಿಕೆಯರ ಹೆಸರನ್ನು ನಮ್ಮ ಮನೆಯ ಮಕ್ಕಳೂ ಬಲ್ಲರು. ವಿದುರನ ತಾಯಿಯ ಹೆಸರೇನು? ವ್ಯಾಸರ ಭಾರತದಲ್ಲಿ ಅವಳು ಬರಿಯ ದಾಸಿ. ಅಷ್ಟು ದೊಡ್ಡ ಗ್ರಂಥದಲ್ಲಿ ಅವಳ ಹೆಸರಿಗೆ ಎಡೆಯಿಲ್ಲ.

ಉಪನಿಷತ್ತಿನ ಸತ್ಯಕಾಮನನ್ನು ಎದುರುತ್ತರವಾಗಿ ತರುವ ಪಂಡಿತರಿದ್ದಾರೆ. ಪರಿಚಾರಿಕೆಯಾಗಿ ಮನೆಮನೆ ದುಡಿದ ಜಬಾಲೆಗೆ ಮಗನ ಗೋತ್ರ ತಿಳಿಯದು. ತನ್ನ ಹೆಸರನ್ನೇ ಮಗನಿಗೆ ಕೊಟ್ಟಳು. ಗೌತಮನು ಅವನನ್ನು ಶಿಷ್ಯನನ್ನಾಗಿ ಕೈಕೊಂಡನು. ಕಥೆಯು ಉದಾತ್ತವಾದುದೇ ಸರಿ. ಆದರೆ ಗೌತಮನ ಮೆಚ್ಚಿಕೆಯನ್ನು ಪರೀಕ್ಷಿಸಿರಿ. ಇಷ್ಟು ಸತ್ಯವನ್ನು ಬ್ರಾಹ್ಮಣನಲ್ಲದವನು ಆಡಲಾರನೆಂದು ಅವನ ಅಭಿಪ್ರಾಯ. ಸತ್ಯವನ್ನು ಕಲಿಸಿದವಳು ತಾಯಿ. ಅದರ ಕೀರ್ತಿ ಹೋದದ್ದು ಕಾಣದ ತಂದೆಗೆ!

ಅದಂತಿರಲಿ, ಪುರಾಣವನ್ನು ಬಿಟ್ಟು ಇಂದಿನ ಕಚೇರಿಗೆ ಬರೋಣ. ದಾಸ್ಯವನ್ನು ಹೊರಿಸುವಾಗ ತಾಯಿಯ ಕುಲವನ್ನು ಹಿಡಿದ ಲೋಕವು, ಸೌಲಭ್ಯವನ್ನು ಕೊಡುವ ಕಾಲ ಬಂದೊಡನೆ ತಂದೆಯ ಕುಲವನ್ನು ಕೇಳತೊಡಗಿತು. ಬುಡಕಟ್ಟಿನ ತಾಯಿ, ಬೇರೆ ಜಾತಿಯ ತಂದೆ, ತಂದೆಯು ಕೈಬಿಟ್ಟು ಹೋಗಿದ್ದರೂ, ಮಗಳು ತಾಯಿಯ ಗುಡಿಸಲಿನಲ್ಲಿಯೇ ಬೆಳೆದಿದ್ದರೂ, ತಾಯಿಗೆ ಆದ ಅವಮಾನವೆಲ್ಲ ಮಗಳಿಗೂ ಆಗಿದ್ದರೂ, "ನಿನ್ನ ತಂದೆಯ ಜಾತಿ ಯಾವುದು?" ಎಂಬುದೇ ಮೊದಲನೆಯ ಪ್ರಶ್ನೆ. ಬೀದಿಯಲ್ಲಿ ಹುಡುಗರು ಅವಳ ಗುಂಗುರುಕೂದಲನ್ನು ನೋಡಿ ಕೂಗುವಾಗ ಅವಳು ತಾಯಿಯ ಮಗಳು. ಪ್ರಮಾಣಪತ್ರಕ್ಕಾಗಿ ಕೈಚಾಚಿದಾಗ ತಂದೆಯ ಮಗಳು. ಗುಜರಾತಿನಿಂದ ಬಂದ ಇಂಥಾ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರ ಜನವರಿಯಲ್ಲಿ ತೀರ್ಪಿತ್ತಿದೆ: ಮಗುವಿಗೆ ತಂದೆಯ ಜಾತಿಯೆಂಬುದು ಊಹೆಯೇ ಹೊರತು ಅಖಂಡ ನಿಯಮವಲ್ಲ, ತಾಯಿಯ ಬುಡಕಟ್ಟಿನಲ್ಲಿಯೇ ಬೆಳೆದು ಆ ಜನರ ಕಷ್ಟನಿಷ್ಠುರಗಳನ್ನೇ ಅನುಭವಿಸಿದುದನ್ನು ತೋರಿಸಿದರೆ ಆ ಊಹೆಯು ನಿಲ್ಲದು. "ಹೀಗೆ ಬಾಗಿಲು ತೆರೆದರೆ ಸುಳ್ಳುಗಾರರು ನುಗ್ಗುವರು" ಎಂದು ಆಕ್ಷೇಪಿಸುವವರು ತೀರ್ಪನ್ನು ಓದಿದವರಲ್ಲ. ಅದು ಕೇಳುವುದು ಬಾಳಿದ ಬಾಳಿನ ಸಾಕ್ಷ್ಯವನ್ನು. ಸುಳ್ಳುಗಾರನಿಗೆ ತಂದೆಯ ಹೆಸರಿನ ಕಾಗದ ತರುವುದಕ್ಕಿಂತ, ಇಪ್ಪತ್ತು ವರ್ಷಗಳ ಅವಮಾನದ ಸಾಕ್ಷ್ಯವನ್ನು ತರುವುದು ಕಷ್ಟವಷ್ಟೆ.

ಇಂಥಾ ಹೆಂಗಸಿಗೆ ಅವಳು ಯಾರೆಂದು ತಿಳಿಸಿಕೊಡಲು ಮೂರು ವಿಧದ ವೈದ್ಯರು ಮುಂದಾಗಿರುತ್ತಾರೆ.

ಮೊದಲನೆಯವರು, "ನೀನು ಆಫ್ರಿಕದವಳು, ಅದನ್ನು ಮರೆಯಬೇಡ" ಎನ್ನುವರು. ಉತ್ಸವ ಬಂತೆಂದರೆ ಇವರಿಗೆ ಸಿದ್ದಿಗಳ ನೆನಪಾಗುವುದು. ಎಲೆಬಳ್ಳಿಗಳನ್ನು ಸುತ್ತಿ, ಮೊಗಕ್ಕೆ ಬಣ್ಣ ಬಳಿದು, ಮೆರವಣಿಗೆಯಲ್ಲಿ ಕುಣಿಯಿಸುವರು. ಡಮಾಮಿಯ ಕುಣಿತವು ಅವರ ಸ್ವಂತದ್ದು, ಸುಂದರವಾದದ್ದು. ಅದನ್ನು ಕುಣಿಯಬೇಡಿರೆಂದು ನಾವು ಹೇಳುವುದಿಲ್ಲ. ಆದರೆ ವರ್ಷದಲ್ಲಿ ಒಂದು ದಿನ ಕುಣಿಯುವುದಕ್ಕೆ ಕರೆದು, ಮಿಕ್ಕ ದಿನಗಳಲ್ಲಿ ಅರ್ಜಿ ಹಿಡಿದು ಬಂದಾಗ ಬಾಗಿಲಿನಲ್ಲಿ ನಿಲ್ಲಿಸುವುದು ಕಲಾಪ್ರೇಮವೇ? ಇದರ ಇನ್ನೊಂದು ರೂಪವನ್ನು 1980ರ ದಶಕದ ಕೊನೆಯಲ್ಲಿ ಕಂಡೆವು. ಆಫ್ರಿಕದ ರಕ್ತವಿರುವವರು ಓಟದಲ್ಲಿ ಗೆಲ್ಲುವರೆಂದು ಬಗೆದು ಭಾರತ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಹುಡುಗ ಹುಡುಗಿಯರನ್ನು ಆರಿಸಿ ತರಬೇತಿಗೆ ಕರೆದೊಯ್ದರು. ಅವರಲ್ಲಿ ಕೆಲವರು ಪದಕಗಳನ್ನೂ ತಂದರು. ಕೆಲವೇ ವರ್ಷಗಳಲ್ಲಿ ಆ ಯೋಜನೆಯು ನಿಂತುಹೋಗಿ ಮಕ್ಕಳು ಕಾಡಂಚಿನ ಮನೆಗಳಿಗೆ ಹಿಂತಿರುಗಿದರು. ದೇಶವು ಅವರ ಕಾಲುಗಳನ್ನು ಕಂಡಿತು, ಅವರನ್ನು ಕಾಣಲಿಲ್ಲ.

ಎರಡನೆಯವರು ಉದಾರಿಗಳು. "ಬಣ್ಣಗಿಣ್ಣದ ಮಾತೇಕಮ್ಮ? ನೀನು ಕನ್ನಡತಿ; ನಮ್ಮಲ್ಲಿ ಬೆರೆತುಹೋಗು" ಎನ್ನುವರು. ಕೇಳಲು ಹಿತವಾಗಿದೆ. ಆದರೆ ಬೆರೆಯಲು ಬಂದವಳಿಗೆ ಪಂಕ್ತಿಯಲ್ಲಿ ಎಲೆ ಹಾಕಿದ್ದಾರೆಯೇ? ನೆರೆಮನೆಯನ್ನು ಬಾಡಿಗೆಗೆ ಕೊಡುವರೇ? ತನ್ನ ನೆನಪನ್ನು ಬಿಟ್ಟುಬಾ ಎನ್ನುವವರು ತಮ್ಮ ಗೋತ್ರಪ್ರವರಗಳನ್ನು ಒಂದಕ್ಷರವೂ ಬಿಟ್ಟಿರುವುದಿಲ್ಲ.

ಮೂರನೆಯವರು ರಕ್ತವನ್ನು ಅಳೆದು ಉತ್ತರ ಹೇಳುವವರು. ಶೋಧನೆ ಮಾಡಿದ ವಿದ್ವಾಂಸರಲ್ಲಿ ನಮಗೆ ಗೌರವವಿದೆ. ಚರಿತ್ರೆಯು ಬರೆಯದೆ ಬಿಟ್ಟುದನ್ನು ಅವರು ಓದಿದರು. ದೋಷವಿರುವುದು ಅದನ್ನು ಹಿಡಿದು ಮನುಷ್ಯಳ ಬೆಲೆ ಕಟ್ಟುವವರಲ್ಲಿ. ಅವಳ ಪೂರ್ವಿಕರು ಎಲ್ಲಿಂದ ಬಂದರೆಂಬುದನ್ನು ರಕ್ತವು ಹೇಳೀತು. ನಾಳೆ ಅವಳು ಏನು ಮಾಡಬೇಕೆಂಬುದನ್ನು ಹೇಳಲಾರದು.

ಹಾಗಾದರೆ ಅವಳು ಯಾರೆಂಬುದನ್ನು ತಿಳಿಯುವುದೆಂತು? ಅಮೆರಿಕದ ಫ್ರಾನ್ಸಿಸ್ ಹಾರ್ಪರ್ ಎಂಬ ಕರಿಯ ಲೇಖಕಿಯು 1892ರಲ್ಲಿ 'ಅಯೋಲಾ ಲೆರಾಯ್' ಎಂಬ ಕಾದಂಬರಿಯನ್ನು ಪ್ರಕಟಿಸಿದಳು. ಅದರ ನಾಯಿಕೆಯು ಬಿಳಿಯಳೆಂದೇ ಬೆಳೆದವಳು. ತಂದೆಯು ಸತ್ತ ಬಳಿಕ ತಾಯಿಯು ಗುಲಾಮಳಾಗಿದ್ದವಳೆಂದು ಹೊರಬಿದ್ದು, ತಾನೂ ಗುಲಾಮಗಿರಿಗೆ ಬೀಳುವಳು. ಯುದ್ಧವು ಮುಗಿದು ಬಿಡುಗಡೆಯಾದ ಮೇಲೆ ಬಿಳಿಯ ವೈದ್ಯನೊಬ್ಬನು ಮದುವೆಯಾಗುವೆನೆಂದು ಬಂದರೂ ಒಪ್ಪಲಿಲ್ಲ. ಒಪ್ಪಿದ್ದರೆ ಬಿಳಿಯರ ಲೋಕದಲ್ಲಿ ಸುಖವಾಗಿ ಅಡಗಬಹುದಾಗಿತ್ತು. ಅವಳು ಚದರಿಹೋದ ತಾಯಿಯನ್ನೂ ಬಂಧುಗಳನ್ನೂ ಹುಡುಕಿ ಸೇರಿ, ತನ್ನ ಜನರಿಗೆ ಓದುಬರಹ ಕಲಿಸುವುದನ್ನು ಬಾಳಿನ ಕೆಲಸವಾಗಿ ಆರಿಸಿಕೊಂಡಳು. ರಕ್ತವು ಎರಡು ದಾರಿಗಳನ್ನು ತೋರಿಸುತ್ತಿತ್ತು. ಯಾವುದರಲ್ಲಿ ನಡೆಯಬೇಕೆಂಬುದನ್ನು ಗೊತ್ತುಮಾಡಿದವಳು ಅವಳೇ. ಈ ನಿರ್ಧಾರವು ಅವಳದು, ಬೇರೆ ಯಾರದೂ ಅಲ್ಲ ಎಂಬುದೇ ನಮ್ಮ ವಾದದ ತಿರುಳು.

ಈಗ ಸೂರಗೊಂಡನಕೊಪ್ಪದ ಮಾತು. ಈಗ ನ್ಯಾಮತಿ ತಾಲ್ಲೂಕಿಗೆ ಸೇರಿದ ಈ ಚಿಕ್ಕ ಊರು ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಸ್ಥಳವೆಂದು ಲಂಬಾಣಿ ಜನರ ನಂಬುಗೆ. ಪ್ರತಿವರುಷ ಫೆಬ್ರವರಿಯ ಜಯಂತಿಗೆ ಕರ್ಣಾಟಕದಿಂದ ಮಾತ್ರವಲ್ಲದೆ ಆಂಧ್ರ, ತೆಲಂಗಾಣ, ಮಹಾರಾಷ್ಟ್ರಗಳಿಂದಲೂ ಜನಸಾಗರವು ಇಲ್ಲಿಗೆ ಹರಿದುಬರುವುದು. ಎತ್ತುಗಳ ಮೇಲೆ ಧಾನ್ಯ ಉಪ್ಪುಗಳನ್ನು ಹೇರಿ ದೇಶವನ್ನೆಲ್ಲ ಸುತ್ತಿದ ಜನಕ್ಕೆ, ರಸ್ತೆ ರೈಲುಗಳು ಬಂದು ಕಸುಬು ಕಳೆದ ಮೇಲೆ, ಸರಕಾರವು ಕೊಟ್ಟ ಉಡುಗೊರೆ ಯಾವುದು? 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ. ಹುಟ್ಟಿದ ಕೂಸನ್ನೂ ಕಳ್ಳನೆಂದು ಪಟ್ಟಿಮಾಡುವ ಆ ಕಾಯಿದೆಯಡಿಯಲ್ಲಿ ಕೆಲವು ಪ್ರಾಂತಗಳಲ್ಲಿ ಲಂಬಾಣಿಗಳೂ ಬಿದ್ದರು. 1952ರಲ್ಲಿ ಅದು ರದ್ದಾದಾಗ ಆ ಜನರಿಗೆ 'ವಿಮುಕ್ತ'ರೆಂದು ಹೆಸರಾಯಿತು. ಪೋರ್ಚುಗೀಸರ 'ಬಿಡುಗಡೆ ಹೊಂದಿದವರು' ಎಂಬ ಹೆಸರಿನೊಡನೆ ಇದನ್ನು ಹೋಲಿಸಿ ನೋಡಿರಿ! ಸಂಕಲೆಯನ್ನು ಕಳಚಿ, ಅದರ ಗುರುತನ್ನೇ ಹೆಸರಾಗಿ ಇಟ್ಟರು.

ಸಿದ್ದಿಯ ಹೆಂಗಸಿಗೂ ಲಂಬಾಣಿಯ ಹೆಂಗಸಿಗೂ ಇರುವ ಭೇದವು ಇಷ್ಟು: ಲಂಬಾಣಿ ತಾಯಿಗೆ ತಲೆಬಾಗಲು ಒಂದು ಕೊಪ್ಪವಿದೆ, ಆಡಲು ಸ್ವಂತ ಮಾತಿದೆ, ಹಾಡಿನಲ್ಲಿ ನೆನಪಿದೆ. ಸಿದ್ದಿಯ ತಾಯಿಗೆ ಹಡಗು ಹೊರಟ ರೇವು ಯಾವುದೆಂಬುದೂ ತಿಳಿಯದಂತೆ ಮಾಡಿದರು, ಮಾತನ್ನೂ ಕಸಿದರು. ಆದರೆ ಇಲ್ಲಿ ನಾವು ಎಚ್ಚರ ತಪ್ಪಬಾರದು. ಮೂಲಸ್ಥಾನವೊಂದು ಸಿಕ್ಕಿದರೆ ಎಲ್ಲವೂ ಸಿಕ್ಕಿತೆಂದು ಹೇಳುವವರು ತಾಂಡಾಗಳನ್ನು ನೋಡಲಿ. ಕೊಪ್ಪಕ್ಕೆ ಬಂದು ಹರಕೆ ತೀರಿಸಿ ಹಿಂದಿರುಗಿದ ತಾಯಿಯ ಮನೆಯು ಎಷ್ಟೋ ಕಡೆ ದಾಖಲೆಯಲ್ಲಿಯೇ ಇರಲಿಲ್ಲ. ಕಲಬುರಗಿಯ ಮಳಖೇಡದಲ್ಲಿ 2023ರ ಜನವರಿಯಲ್ಲಿ ಐವತ್ತು ಸಾವಿರಕ್ಕೂ ಮೇಲ್ಪಟ್ಟ ಕುಟುಂಬಗಳಿಗೆ ಹಕ್ಕುಪತ್ರಗಳನ್ನು ಹಂಚಿದರು. ಅಲ್ಲಿಯ ವರೆಗೆ ಅಷ್ಟು ಮನೆಗಳು ಹಕ್ಕಿನ ಕಾಗದವಿಲ್ಲದೆ ನಿಂತಿದ್ದವೆಂದೇ ಅದರ ಅರ್ಥವಲ್ಲವೆ? ಹಿರಿಯರ ನೆಲದ ಪುಣ್ಯ ಬೇರೆ, ಕಾಲಕೆಳಗಣ ನೆಲದ ಹಕ್ಕು ಬೇರೆ. ಎರಡೂ ಬೇಕು, ಒಂದನ್ನು ತೋರಿಸಿ ಇನ್ನೊಂದನ್ನು ತಪ್ಪಿಸಕೂಡದು. ಇದನ್ನು ಅನುಭವದಿಂದ ಬಲ್ಲ ನಮ್ಮ ಸೀಮೆಯವರು ಸಿದ್ದಿಯರ ಪಕ್ಷವನ್ನು ವಹಿಸದಿದ್ದರೆ ಬೇರಾರು ವಹಿಸುವರು?

ಆ ನೆಲದ ಹಕ್ಕಿನ ವಿಷಯದಲ್ಲಿ ಆದ ಅನ್ಯಾಯವನ್ನು ಕೇಳಿರಿ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಬುಡಕಟ್ಟಿನ ಪಟ್ಟಿಗೆ ಸೇರಿದರು. ಅವರ ಅಕ್ಕತಂಗಿಯರೇ ಆಗಿ ಜಿಲ್ಲೆಯ ಗಡಿಯಾಚೆ ಕಲಘಟಗಿ, ಖಾನಾಪುರಗಳಲ್ಲಿದ್ದವರು ಸೇರಲಿಲ್ಲ. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳನ್ನು ಸೇರಿಸಿಕೊಳ್ಳಲು ಸಂಸತ್ತಿಗೆ 2020ರ ವರೆಗೆ ಕಾಲಬೇಕಾಯಿತು. ಈ ಹದಿನೇಳು ವರ್ಷಗಳ ನಡುವೆಯೇ 2006ರ ಅರಣ್ಯಹಕ್ಕು ಕಾಯಿದೆಯು ಬಂದಿತು. ಅದರಂತೆ ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನ ನೆಲದಲ್ಲಿ ವಾಸವಾಗಿದ್ದುದನ್ನು ತೋರಿಸಿದರೆ ಸಾಕು. ಪಟ್ಟಿಗೆ ಸೇರದವರು ಮೂರು ತಲೆಮಾರು, ಎಂದರೆ 75 ವರುಷಗಳ ವಾಸವನ್ನು ರುಜುವಾತು ಮಾಡಬೇಕು. ಆ ಎರಡು ಜಿಲ್ಲೆಗಳ ಸಿದ್ದಿಗಳು ಎರಡನೆಯ ವರ್ಗಕ್ಕೆ ಬಿದ್ದರು. ಓಡಿಬಂದ ಗುಲಾಮಳ ಮೊಮ್ಮಗಳನ್ನು ಮೂರು ತಲೆಮಾರಿನ ದಾಖಲೆ ತಾ ಎಂದು ಕೇಳುವುದು ಎಂಥಾ ನ್ಯಾಯ? ದಾಖಲೆಗೆ ಸಿಕ್ಕದಂತಿರುವುದೇ ಅವಳ ಅಜ್ಜಿಯ ಪ್ರಾಣರಕ್ಷಣೆಯಾಗಿತ್ತು! ಯಾರ ಕಣ್ಣಿಗೂ ಬೀಳದೆ ಬದುಕಿದ್ದಕ್ಕೆ ಈಗ ದಂಡವೆ?

ಇಷ್ಟು ಅಡಚಣೆಗಳ ನಡುವೆಯೂ ಆ ಹೆಂಗಸರು ಕೈಕಟ್ಟಿ ಕುಳಿತಿಲ್ಲ. ಹಳೆಯ ಸೀರೆ ಬಟ್ಟೆಗಳ ತುಂಡುಗಳನ್ನು ಜೋಡಿಸಿ ಅವರು ಹೊಲಿಯುವ ಕೌದಿಯನ್ನು ನೋಡಿದವರು ಬಲ್ಲರು. ಅಂಚಿನಿಂದ ಹೊಲಿಯುತ್ತ ನಡುವಿಗೆ ಬಂದು, ಮೂಲೆಗಳಲ್ಲಿ ಮಡಿಸಿದ ಬಟ್ಟೆಯ 'ಫುಲ'ಗಳನ್ನಿಟ್ಟು ಮುಗಿಸುವರು. ಹೂವಿಲ್ಲದ ಕೌದಿಯು ಬೆತ್ತಲೆಯೆಂದು ಅವರ ಭಾವನೆ. 2004ರಲ್ಲಿ ಕೌದಿ ಹೊಲಿಯುವ ಸಿದ್ದಿ ಹೆಂಗಸರ ಸಹಕಾರ ಸಂಘವೊಂದು ಏರ್ಪಟ್ಟು, ಅವರ ಕೈಕೆಲಸವು ಪರದೇಶದ ವಸ್ತುಸಂಗ್ರಹಾಲಯಗಳ ವರೆಗೆ ಹೋಯಿತು. ಮಂಚಿಕೇರಿಯ ಸುತ್ತಣ ಸಿದ್ದಿಗಳು 1980ರ ದಶಕದಲ್ಲಿ ನೀನಾಸಂ ಸಂಸ್ಥೆಯವರ ಸಂಗಡ, ಆಫ್ರಿಕದ ಚಿನುವ ಅಚಿಬೆಯ ಕಾದಂಬರಿಯನ್ನು ಕನ್ನಡ ನಾಟಕವಾಗಿ ಆಡಿದರು. ಆಮೇಲಣ ತಲೆಮಾರಿನಲ್ಲಿ ಗಿರಿಜಾ ಸಿದ್ದಿಯವರಂಥ ನಟಿಯರು ರಂಗಭೂಮಿಯನ್ನೇ ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡರು. ಗುಜರಾತಿನ ಜಂಬೂರಿನ ಸಿದ್ದಿ ಮಹಿಳೆ ಹೀರಾಬಾಯಿ ಲೋಬಿಯವರು ಹೆಂಗಸರಿಂದ ಹಣ ಕೂಡಿಡಿಸಿ, ಸಾವಯವ ಗೊಬ್ಬರ ಮಾಡಿಸಿ, ಮಕ್ಕಳಿಗೆ ಬಾಲವಾಡಿಗಳನ್ನು ತೆರೆಯಿಸಿದರು. ದೇಶವು ಅವರಿಗೆ 2023ರಲ್ಲಿ ಪದ್ಮಶ್ರೀಯನ್ನು ಅರ್ಪಿಸಿತು. ಇವರಲ್ಲಿ ಯಾರೂ ತಮ್ಮ ಬೇರು ಯಾವ ಊರಿನದೆಂದು ಗೊತ್ತಾಗಲೆಂದು ಕೆಲಸವನ್ನು ನಿಲ್ಲಿಸಿ ಕಾಯಲಿಲ್ಲ. ತುಂಡುಗಳಿಂದಲೇ ಕೌದಿಯಾಗುವುದು, ಯಾವ ತುಂಡು ಎಲ್ಲಿರಬೇಕೆಂಬುದು ಹೊಲಿಯುವವಳ ಇಷ್ಟ.

ಕೊನೆಯದಾಗಿ ನಮ್ಮ ವಾಚಕರ ಮನೆಗಳ ಮಾತು. ಕಾಡಂಚಿನ ಬಡವರ ಹೆಣ್ಣುಮಗುವನ್ನು "ಓದಿಸುತ್ತೇವೆ" ಎಂದು ಪೇಟೆಯ ಮನೆಗೆ ಕರೆತಂದು, ಪಾತ್ರೆ ಬೆಳಗಿಸಿ, ಕೂಸನ್ನು ಆಡಿಸಲು ಹಚ್ಚುವ ವಾಡಿಕೆಯು ವಿದ್ಯಾವಂತರಲ್ಲಿ ಇಲ್ಲವೆಂದು ಎದೆಮುಟ್ಟಿ ಹೇಳಬಲ್ಲೆವೆ? ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕಿಡುವುದು 2006ರಿಂದ ಅಪರಾಧ. ಆ ಮಗುವಿಗೆ ನಾವು ಇಡುವ ಮುದ್ದಿನ ಹೆಸರೂ, ಕೊಡುವ ಹಳೆಯ ಲಂಗವೂ, ಉಳಿದ ಅನ್ನವೂ ನಮ್ಮ ಕಣ್ಣಿಗೆ ದಯೆಯಾಗಿ ಕಾಣುತ್ತವೆ. ಗೋವೆಯ ಧಣಿಗೂ ಹಾಗೆಯೇ ಕಂಡಿದ್ದವು.

ಆದುದರಿಂದ ನಮ್ಮ ಬೇಡಿಕೆಗಳು ನಾಲ್ಕು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳ ಅರಣ್ಯಹಕ್ಕಿನ ಅರ್ಜಿಗಳಲ್ಲಿ 75 ವರ್ಷದ ರುಜುವಾತಿಲ್ಲವೆಂದು ತಳ್ಳಿದವುಗಳಿದ್ದರೆ, ಅವನ್ನು ಬುಡಕಟ್ಟಿನವರ ಅರ್ಜಿಗಳೆಂದೇ ಮತ್ತೆ ವಿಚಾರಿಸಬೇಕು. ತಾಯಿಯು ಸಾಕಿದ ಮಗಳಿಗೆ ತಾಯಿಯ ಕುಲದ ಪ್ರಮಾಣಪತ್ರವನ್ನು 2012ರ ತೀರ್ಪಿನಂತೆ ಕೊಡಬೇಕು. ಸಿದ್ದಿ ಹುಡುಗಿಯರು ನಡುವೆಯೇ ಶಾಲೆ ಬಿಡದಂತೆ ಅವರ ಊರುಗಳಿಗೆ ಸಮೀಪದಲ್ಲಿ ವಿದ್ಯಾರ್ಥಿನಿಲಯಗಳಿರಬೇಕು. ನಾಲ್ಕನೆಯದು ನಮ್ಮ ಸಾಹಿತ್ಯಸಂಘಗಳಿಗೆ ಸೇರಿದ್ದು: ಸಿದ್ದಿಯರ ವಿಷಯವಾಗಿ ನಾವು ಬರೆದದ್ದು ಸಾಕು, ಅವರೇ ಬರೆದದ್ದನ್ನು, ಲಂಬಾಣಿ ತಾಯಂದಿರು ಹೇಳಿ ಬರೆಯಿಸಿದ್ದನ್ನು, ತಿದ್ದಿ ನಯಮಾಡದೆ, ಅವರವರ ಹೆಸರಿನಲ್ಲಿ ಅಚ್ಚುಹಾಕಬೇಕು. ಈ ಲೇಖನವೂ ಆ ನಿಯಮಕ್ಕೆ ಹೊರತಲ್ಲ. ಅವರ ಬರಹವು ಬಂದ ತಿಂಗಳಲ್ಲಿ ಇಂಥಾ ಲೇಖನಗಳು ಪಕ್ಕಕ್ಕೆ ಸರಿದು ಎಡೆಮಾಡಿಕೊಡತಕ್ಕದ್ದು. ವಿದುರನ ತಾಯಿಯ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳುವವರು ಆ ಕಾಲದಲ್ಲಿ ಯಾರೂ ಇರಲಿಲ್ಲ. ಈ ಕಾಲದ ಮಟ್ಟಿಗೆ ಅಂಥಾ ನೆಪವು ನಮಗೆ ಸಲ್ಲದು.